ಟೈಟಲ್ ಒನ್ ದುಡ್ಡಿನ ಲೆಕ್ಕ ಯಾರ ಕೈಗೆ ಕೊಡೋದು: ಎಕ್ಸೆಲ್, ಸಾಫ್ಟ್‌ವೇರ್, ಸರ್ವಿಸ್ ಸೆಂಟರ್, ಇಲ್ಲಾ ಕನ್ಸಲ್ಟೆಂಟ್?

ಡಲ್ಲಾಸ್ ಹತ್ರ ಒಂದು ಮಧ್ಯಮ ಗಾತ್ರದ ಸ್ಕೂಲ್ ಡಿಸ್ಟ್ರಿಕ್ಟಲ್ಲಿ, ಅಂದ್ರೆ ಒಂದು ಪ್ರದೇಶದ ಸರ್ಕಾರಿ ಸ್ಕೂಲುಗಳನ್ನ ನಡೆಸೋ ಸಂಸ್ಥೇಲಿ, ಫೆಡರಲ್ (ಕೇಂದ್ರ ಸರ್ಕಾರದ) ಗ್ರಾಂಟ್‌ಗಳ ಲೆಕ್ಕ ನೋಡ್ಕೊಳ್ಳೋದು ನನ್ನ ಕೆಲಸ. ಅಮೆರಿಕದಲ್ಲಿ ಕನ್ನಡದವರು ಅಂದ್ರೆ ಐಟಿ ಅಂತಲೇ ಎಲ್ಲರೂ ಅಂದ್ಕೊಳ್ಳೋದು, ಆದ್ರೆ ಡಿಸ್ಟ್ರಿಕ್ಟ್ ಆಫೀಸಲ್ಲಿ ಪೇರೋಲು, ಪರ್ಚೇಸಿಂಗು, ಸ್ಪೆಷಲ್ ಎಜುಕೇಶನ್ನು ಅಂತ ಕೂತಿರೋ ನಮ್ಮೋರೂ ಇದ್ದೀವಿ. ಅಂಥೋರು ಯಾರಾದ್ರೂ ಸಿಕ್ಕಿದ್ರೆ, ಊಟದ ತಟ್ಟೆ ಕೈಯಲ್ಲಿದ್ರೂ ಸರಿ, ಕೇಳೋದು ಒಂದೇ: "ಗ್ರಾಂಟ್ ಮ್ಯಾನೇಜ್‌ಮೆಂಟಿಗೆ ಯಾವ ಸಾಫ್ಟ್‌ವೇರ್ ತಗೊಂಡ್ರೆ ಒಳ್ಳೇದು?" ನನ್ನ ಉತ್ತರ ಕೇಳಿ ಅವ್ರಿಗೆ ಸ್ವಲ್ಪ ಬೇಜಾರಾಗತ್ತೆ, ಯಾಕಂದ್ರೆ ನಾನು ತಿರುಗಿಸಿ ಕೇಳೋದು, ನಿಮ್ಮಲ್ಲಿ ಪಿಒಗೆ, ಅಂದ್ರೆ ಪರ್ಚೇಸ್ ಆರ್ಡರಿಗೆ, ಸೈನ್ ಹಾಕೋರು ಯಾರು, ಹಾಕೋಕೆ ಮುಂಚೆ ಅದನ್ನ ಓದೋರು ಯಾರು ಅಂತ. ಇದಕ್ಕೆ ತಕ್ಷಣ ಉತ್ತರ ಬರ್ಲಿಲ್ಲ ಅಂದ್ರೆ ಯಾವ ಸಾಫ್ಟ್‌ವೇರ್ ತಗೊಂಡ್ರೂ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೇ.

ಯಾವ ದುಡ್ಡಿನ ಮಾತು ಅಂತ ಬೇಗ ಹೇಳ್ಬಿಡ್ತೀನಿ, ಗೊತ್ತಿರೋರು ದಾಟ್ಕೊಂಡು ಹೋಗಿ. 1965ರಲ್ಲಿ ಲಿಂಡನ್ ಜಾನ್ಸನ್ ಸಹಿ ಹಾಕಿದ ಕಾನೂನು, ಅದನ್ನೇ ತಿದ್ದಿ ತಿದ್ದಿ 2015ರಲ್ಲಿ ಎಸ್ಸಾ ಅಂತ ಮಾಡಿದ್ದಾರೆ. ಅದರ ಒಂದೊಂದು ಭಾಗಕ್ಕೂ ಟೈಟಲ್ ಅಂತಾರೆ. ಟೈಟಲ್ ಒನ್ ಬಡ ಮಕ್ಕಳು ಜಾಸ್ತಿ ಇರೋ ಸ್ಕೂಲುಗಳಿಗೆ, ದೇಶಕ್ಕೆಲ್ಲಾ ಸೇರಿ ವರ್ಷಕ್ಕೆ 18 ಬಿಲಿಯನ್ ಡಾಲರಿಗೂ ಮೇಲೆ. ಟೈಟಲ್ ಟೂ ಟೀಚರ್ ಟ್ರೈನಿಂಗು ಅಂಥದ್ದಕ್ಕೆ, ಟೈಟಲ್ ಥ್ರೀ ಇಂಗ್ಲಿಷ್ ಕಲೀತಿರೋ ಮಕ್ಕಳಿಗೆ, ಟೈಟಲ್ ಫೋರ್ ಒಂಥರಾ ಕಿರಾಣಿ ಅಂಗಡಿ, ಎಲ್ಲಾನೂ ಸ್ವಲ್ಪ ಸ್ವಲ್ಪ. ಐಡಿಯಾ ಅನ್ನೋದು ಬೇರೆ ಕಾನೂನು, ಸ್ಪೆಷಲ್ ಎಜುಕೇಶನ್ ಮಕ್ಕಳದ್ದು. ಇದೆಲ್ಲಾ ಸೇರಿದ್ರೂ ಡಿಸ್ಟ್ರಿಕ್ಟಿನ ಬಜೆಟ್ಟಲ್ಲಿ ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲಿನ ಆಸುಪಾಸು, ಆದ್ರೆ ತಲೆನೋವಿನ ಲೆಕ್ಕದಲ್ಲಿ ಅರ್ಧಕ್ಕಿಂತ ಜಾಸ್ತಿ. ಕಂಡೋರ ದುಡ್ಡು ಯಲ್ಲಮ್ಮನ ಜಾತ್ರೆ ಅಂತಾರಲ್ಲ, ಆ ಜಾತ್ರೆಗೆ ಪ್ರತಿ ತೆಂಗಿನಕಾಯಿಗೂ ರಸೀತಿ ಕೇಳೋ ಜನ ಬರ್ತಾರೆ.

ಎಡವೋದು ಎಲ್ಲಿ

ಆಯ್ಕೆಗಳಿಗೆ ಹೋಗೋ ಮುಂಚೆ ಒಂದು ಕೇಸ್ ಹೇಳ್ತೀನಿ, ಇದು ನಮ್ಮಲ್ಲೇ ಆಗಿದ್ದು. ಒಬ್ರು ರೀಡಿಂಗ್ ಇಂಟರ್‌ವೆನ್ಷನ್ ಟೀಚರ್, ಓದೋದ್ರಲ್ಲಿ ಹಿಂದಿರೋ ಮಕ್ಕಳನ್ನ ಐದೈದು ಜನ ಕೂರಿಸ್ಕೊಂಡು ಪಾಠ ಮಾಡೋರು. ಅವ್ರ ಸಂಬಳ 60 ಪರ್ಸೆಂಟ್ ಫಂಡ್ 211ರಿಂದ, ಅಂದ್ರೆ ಟೆಕ್ಸಾಸ್ ಲೆಕ್ಕದಲ್ಲಿ ಟೈಟಲ್ ಒನ್, ಉಳಿದ 40 ಲೋಕಲ್ ದುಡ್ಡಿಂದ. ಜನವರಿಯಲ್ಲಿ ಮೂರನೇ ಕ್ಲಾಸಿನ ಟೀಚರ್ ಒಬ್ರು ಕೆಲಸ ಬಿಟ್ರು, ಸಬ್‌ಸ್ಟಿಟ್ಯೂಟ್ ಸಿಗ್ಲಿಲ್ಲ, ಪ್ರಿನ್ಸಿಪಾಲ್ ಪಾಪ ಇನ್ನೇನ್ ಮಾಡ್ತಾರೆ, ಇವ್ರನ್ನೇ ಆ ಕ್ಲಾಸಿಗೆ ಹಾಕಿದ್ರು. ಫೈನಾನ್ಸಿಗೆ ಯಾರೂ ಹೇಳ್ಲಿಲ್ಲ. ಮೇ ತಿಂಗಳಲ್ಲಿ ಟೈಮ್ ಅಂಡ್ ಎಫರ್ಟ್ ಫಾರಂ, ಅಂದ್ರೆ ಯಾವ ಗ್ರಾಂಟಿನ ಕೆಲಸ ಎಷ್ಟು ಮಾಡಿದ್ರು ಅಂತ ಸೈನ್ ಹಾಕಿ ಕೊಡೋದು, ಹೋಯ್ತು, ಅದರಲ್ಲಿ "60 ಪರ್ಸೆಂಟ್ ಟೈಟಲ್ ಒನ್" ಅಂತ ಮೊದಲೇ ಪ್ರಿಂಟ್ ಆಗಿತ್ತು, ಟೀಚರ್ ಸೈನ್ ಹಾಕಿದ್ರು, ಪ್ರಿನ್ಸಿಪಾಲ್ ಸೈನ್ ಹಾಕಿದ್ರು, ನಾನು ಫೈಲ್ ಮಾಡ್ದೆ. ಮುಂದಿನ ಚಳಿಗಾಲದಲ್ಲಿ ಆಡಿಟರ್ ಒಬ್ಳು ಹುಡುಗಿ, ಇಪ್ಪತ್ತೈದು ವರ್ಷ ಇರಬಹುದು, ಫಾರಂ ಪಕ್ಕದಲ್ಲಿ ಸ್ಕೂಲಿನ ಮಾಸ್ಟರ್ ಷೆಡ್ಯೂಲ್ ಇಟ್ಕೊಂಡು ಪೆನ್ನಿನ ತುದೀಲಿ ಬೆಳಗ್ಗೆ 8 ಗಂಟೆಯಿಂದ ಮಧ್ಯಾಹ್ನ 3ರ ತನಕ ತೋರಿಸ್ತಾ "ಇವ್ರು ಇಡೀ ದಿನ ಮೂರನೇ ಕ್ಲಾಸಲ್ಲೇ ಇದ್ದಾರಲ್ಲ?" ಅಂದ್ಲು. ನನ್ನ ಹತ್ರ ಮಾತೇ ಇರ್ಲಿಲ್ಲ. ಐದು ತಿಂಗಳ ಸಂಬಳದ 60 ಪರ್ಸೆಂಟನ್ನ ಲೋಕಲ್ ಫಂಡಿಗೆ ಎತ್ತಿ ಹಾಕಿದ್ವಿ, ರಿಪೋರ್ಟಲ್ಲಿ ಫೈಂಡಿಂಗ್ (ಆಡಿಟ್ ಆಕ್ಷೇಪಣೆ) ಬೇರೆ ಬಂತು.

ಇದನ್ನ ಯಾಕೆ ಇಷ್ಟುದ್ದ ಹೇಳ್ದೆ ಅಂದ್ರೆ, ನಿಯಮ ಫಾರಂ ಕೇಳ್ತಾನೇ ಇಲ್ಲ. 2014ರ ಕೊನೆಗೆ ಜಾರಿಗೆ ಬಂದ ಯೂನಿಫಾರ್ಮ್ ಗೈಡೆನ್ಸ್, ಅದೇ 2 ಸಿಎಫ್‌ಆರ್ 200 ಅನ್ನೋ ಫೆಡರಲ್ ಗ್ರಾಂಟ್ ನಿಯಮಾವಳಿ, ಹೇಳೋದು ಸಂಬಳದ ದಾಖಲೆ ನಿಜವಾಗಿ ಮಾಡಿದ ಕೆಲಸಕ್ಕೆ ತಾಳೆ ಆಗಬೇಕು, ಬಜೆಟ್ಟಲ್ಲಿ ಅಂದಾಜು ಹಾಕಿದ್ದು ಮಾತ್ರ ಸಾಲದು ಅಂತ. ಆರು ತಿಂಗಳಿಗೊಂದು ಸರ್ಟಿಫಿಕೇಟ್ ಹಳೇ ಕಾಲದಿಂದ ಬಂದ ಅಭ್ಯಾಸ, ಬಹಳ ಡಿಸ್ಟ್ರಿಕ್ಟು ಇನ್ನೂ ಬಿಟ್ಟಿಲ್ಲ. ಈಗ ಆಯ್ಕೆಗಳನ್ನ ನೋಡೋವಾಗ ಈ ಟೀಚರ್ ಕೇಸನ್ನ ತಲೇಲಿ ಇಟ್ಕೊಳ್ಳಿ: ಜನವರಿಯಲ್ಲಿ ಆ ಸುದ್ದಿ ಯಾವ ದಾರೀಲಿ ನಮ್ಮ ಆಫೀಸಿಗೆ ಬರ್ತಿತ್ತು?

ಎಕ್ಸೆಲ್ ಮತ್ತೆ ಶೇರ್ಡ್ ಡ್ರೈವ್

ಇದನ್ನ ಬೈಯೋರೇ ಜಾಸ್ತಿ, ನಾನು ಬೈಯಲ್ಲ. ಚಿಕ್ಕ ಡಿಸ್ಟ್ರಿಕ್ಟು, ಮೂರ್ನಾಕು ಗ್ರಾಂಟು, ಗ್ರಾಂಟಿಂದ ಸಂಬಳ ತಗೊಳ್ಳೋರು ಹತ್ತು ಹನ್ನೆರಡು ಜನ ಅಂದ್ರೆ ಒಂದು ಒಳ್ಳೇ ಶೀಟ್ ಸಾಕು. ಒಂದೊಂದು ಹುದ್ದೆಗೆ ಒಂದೊಂದು ಸಾಲು, ಯಾವ ಫಂಡು, ಎಷ್ಟು ಪರ್ಸೆಂಟು, ಯಾವ ಸ್ಕೂಲು, ಯಾವತ್ತಿಂದ, ಸೈನ್ ಆದ ಪೇಪರ್ ಎಲ್ಲಿದೆ. ಆ ಶೀಟ್ ಮಾಡಿದೋರಿಗೆ ಪ್ರತಿ ಟೀಚರ್ ಹೆಸರೂ ಬಾಯಿಪಾಠ ಇರತ್ತೆ, ಜನವರಿಯ ಸುದ್ದಿ ಅವ್ರಿಗೆ ಕಾಫಿ ರೂಮಲ್ಲೇ ಸಿಕ್ಕಿರತ್ತೆ. ಅದೇ ಇದರ ಶಕ್ತಿ, ಅದೇ ತೊಂದರೆ ಕೂಡ: ಆಯಮ್ಮ ರಿಟೈರ್ ಆದ ದಿನ ಶೀಟಿನ ಅರ್ಧ ಅರ್ಥ ಅವ್ರ ಜೊತೆ ಮನೆಗೆ ಹೋಗತ್ತೆ.

ಇನ್ನೊಂದು, ಎಕ್ಸೆಲ್ ತಾನಾಗಿ ಎಚ್ಚರಿಸಲ್ಲ. ಟೈಟಲ್ ಒನ್ ದುಡ್ಡು 50,000 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಸಿಗೋ ಡಿಸ್ಟ್ರಿಕ್ಟು, ಮೊದಲ 15 ತಿಂಗಳಾದ್ಮೇಲೆ 15 ಪರ್ಸೆಂಟಿಗಿಂತ ಹೆಚ್ಚು ಮುಂದಕ್ಕೆ ಒಯ್ಯೋ ಹಾಗಿಲ್ಲ, ವೇವರ್ (ವಿನಾಯಿತಿ) ಕೇಳ್ಬಹುದು ಆದ್ರೆ ಮೂರು ವರ್ಷಕ್ಕೆ ಒಂದೇ ಸಲ. 6 ಲಕ್ಷ ಡಾಲರ್ ಬಂದಿದ್ರೆ, ಆ 15 ತಿಂಗಳು ಮುಗಿಯೋ ಸೆಪ್ಟೆಂಬರ್ 30ಕ್ಕೆ 90,000ಕ್ಕಿಂತ ಜಾಸ್ತಿ ಉಳಿದಿರಬಾರದು. 5 ಲಕ್ಷ ದಾಟಿದ್ದರಿಂದ ಪೇರೆಂಟ್ ಎಂಗೇಜ್‌ಮೆಂಟಿಗೆ 1 ಪರ್ಸೆಂಟ್ ಅಂದ್ರೆ 6,000 ಎತ್ತಿಡಬೇಕು, ಅದರಲ್ಲಿ 90 ಪರ್ಸೆಂಟ್, 5,400, ಸ್ಕೂಲುಗಳಿಗೇ ಹೋಗಬೇಕು. ಇಂಥ ಚಿಕ್ಕ ಚಿಕ್ಕ ಡಬ್ಬಿಗಳು ಬೇಕಾದಷ್ಟಿವೆ. ಟೈಟಲ್ ಫೋರ್ 30,000 ಮುಟ್ಟಿದ್ರೆ ಅದನ್ನ ಮತ್ತೆ 20 ಪರ್ಸೆಂಟು, 20 ಪರ್ಸೆಂಟು ಅಂತ ಹೋಳು ಮಾಡಬೇಕು. ನಮ್ಮಪ್ಪ ತಾಲ್ಲೂಕು ಖಜಾನೇಲಿ ಗುಮಾಸ್ತರಾಗಿದ್ರು, ಮಾರ್ಚ್ 31ರ ರಾತ್ರಿ ಮನೆಗೆ ಬರೋಷ್ಟೊತ್ತಿಗೆ ನಾವೆಲ್ಲಾ ಮಲಗಿರ್ತಿದ್ವಿ. ನನ್ನ ಮಾರ್ಚ್ 31 ಬರೋದು ಸೆಪ್ಟೆಂಬರ್ 30ಕ್ಕೆ, ಅಷ್ಟೇ ವ್ಯತ್ಯಾಸ.

ಈಗಾಗ್ಲೇ ಇರೋ ಅಕೌಂಟಿಂಗ್ ಸಿಸ್ಟಂ

ಸ್ಕೈವರ್ಡೋ, ಮ್ಯೂನಿಸೋ, ಏನೋ ಒಂದು ನಿಮ್ಮಲ್ಲಿ ಆಗಲೇ ಇರತ್ತೆ, ದುಡ್ಡೂ ಕಟ್ಟಿರ್ತೀರ. ನನ್ನ ಪ್ರಕಾರ ಬಹಳ ಡಿಸ್ಟ್ರಿಕ್ಟುಗಳಿಗೆ ಉತ್ತರ ಇಲ್ಲೇ ಇದೆ, ಯಾರೂ ನೋಡಲ್ಲ, ಯಾಕಂದ್ರೆ ಹಳೇದಕ್ಕೆ ಡೆಮೋ ಕೊಡೋಕೆ ಯಾರೂ ಸೂಟ್ ಹಾಕ್ಕೊಂಡು ಬರಲ್ಲ. ಮಾಡಬೇಕಾಗಿರೋದು ಎರಡು. ಅಕೌಂಟ್ ಕೋಡನ್ನ ಗ್ರಾಂಟ್ ಅಪ್ಲಿಕೇಶನ್ನಿನ ಬಜೆಟ್ ಸಾಲುಗಳಿಗೆ ಹೊಂದೋ ಹಾಗೆ ಬಿಡಿಸೋದು, ಮೇಲೆ ಹೇಳಿದ 6,000ದಂಥ ಎತ್ತಿಟ್ಟ ದುಡ್ಡಿಗೆಲ್ಲಾ ಒಂದೊಂದು ಸಬ್ ಕೋಡ್ ಕೊಡೋದು. ಆಮೇಲೆ ರಿಕ್ವಿಸಿಶನ್ (ಖರೀದಿ ಕೋರಿಕೆ) ಅಪ್ರೂವಲ್ ಸಾಲಿನಲ್ಲಿ ಫಂಡ್ 211, 224, 255, 263, ಅಂದ್ರೆ ಫೆಡರಲ್ ಗ್ರಾಂಟಿನ ಕೋಡ್, ಬಂದ್ರೆ ಫೆಡರಲ್ ಪ್ರೋಗ್ರಾಂ ಡೈರೆಕ್ಟರ್ ನೋಡದೇ ಮುಂದೆ ಹೋಗದ ಹಾಗೆ ಕಟ್ಟೋದು.

ಈ ಎರಡನೇದ್ರಿಂದ ಎಷ್ಟು ಉಳಿಯತ್ತೆ ಗೊತ್ತಾ. ಒಂದ್ಸಲ ಒಂದು ಸ್ಕೂಲಿಂದ ಟ್ಯಾಬ್ಲೆಟ್‌ಗಳ ಬಿಲ್ ಬಂತು, ಇನ್‌ವಾಯ್ಸ್ ತಾರೀಕು 9, ಪಿಒ ತಾರೀಕು 12. ಅಂದ್ರೆ ಫೋನಲ್ಲೇ ಆರ್ಡರ್ ಮಾಡಿ, ಸಾಮಾನು ಬಂದು, ಪೆಟ್ಟಿಗೆ ಒಡೆದು, ಆಮೇಲೆ ಪಿಒ ಹಾಕಿದ್ದಾರೆ. ಕದ್ದಿದ್ದು ಏನೂ ಇಲ್ಲ, ಮಕ್ಕಳ ಕೈಯಲ್ಲೇ ಇತ್ತು ಎಲ್ಲಾ, ಆದ್ರೂ ನಾವು ಆ ಬಿಲ್ಲನ್ನ ಗ್ರಾಂಟಿಂದ ತೆಗೆದು ಲೋಕಲ್ಲಿಗೆ ಹಾಕಿದ್ವಿ, ಮೂರು ದಿನದ ವ್ಯತ್ಯಾಸಕ್ಕೆ. ಈಗ ಅಂಥ ಆರ್ಡರಿಗೆ ನಮ್ಮಲ್ಲಿ ದಾರೀನೇ ಇಲ್ಲ, ವೆಂಡರ್‌ಗಳಿಗೂ ಪಿಒ ನಂಬರ್ ಇಲ್ದೇ ಸಾಮಾನು ಕಳಿಸ್ಬೇಡಿ ಅಂತ ಪತ್ರ ಹೋಗಿದೆ.

ಕೊರತೆ ಏನು ಅಂದ್ರೆ, ಅಕೌಂಟಿಂಗ್ ಸಿಸ್ಟಂಗೆ ದುಡ್ಡು ಎಲ್ಲಿ ಹೋಯ್ತು ಗೊತ್ತು, ಯಾಕೆ ಹೋಯ್ತು ಗೊತ್ತಿಲ್ಲ. ಆ ಟ್ರೈನಿಂಗ್ ಯಾಕೆ ಬೇಕಿತ್ತು, ಕ್ಯಾಂಪಸ್ ಪ್ಲಾನಿನ ಯಾವ ಸಾಲಿಗೆ ಸೇರತ್ತೆ, ಮೀಟಿಂಗಿಗೆ ಯಾವ ಪೇರೆಂಟ್ಸ್ ಬಂದಿದ್ರು, ಸೈನ್ ಶೀಟ್ ಎಲ್ಲಿ, ಇದಕ್ಕೆಲ್ಲಾ ಬೇರೆ ಫೋಲ್ಡರ್ ಬೇಕೇ ಬೇಕು.

ಗ್ರಾಂಟ್‌ಗೆ ಅಂತಲೇ ಇರೋ ಸಾಫ್ಟ್‌ವೇರ್

ಇದು ತುಂಬೋದು ಆ ಫೋಲ್ಡರಿನ ಜಾಗವನ್ನ. ಸ್ಕೂಲ್ ಸ್ಕೂಲಿಗೂ ಲಿಸ್ಟ್ ಇರತ್ತೆ, ಪ್ರಿನ್ಸಿಪಾಲ್‌ಗಳು ಪೇರೆಂಟ್ ಮೀಟಿಂಗಿನ ಪೇಪರ್ ಅಪ್‌ಲೋಡ್ ಮಾಡ್ತಾರೆ, ಮಾಡದೇ ಇದ್ರೆ ಕೆಂಪು ಬಣ್ಣ ಬರತ್ತೆ, ಟೈಮ್ ಅಂಡ್ ಎಫರ್ಟ್ ಫಾರಂ ಇಮೇಲಲ್ಲಿ ಹೋಗಿ ಸೈನ್ ಆಗಿ ಬರತ್ತೆ, ಗ್ರಾಂಟ್ ದುಡ್ಡಿನ ಸಾಮಾನಿಗೆ ಬಾರ್‌ಕೋಡು. ಮೂವತ್ತು ನಲವತ್ತು ಟೈಟಲ್ ಒನ್ ಸ್ಕೂಲಿರೋ ಡಿಸ್ಟ್ರಿಕ್ಟಲ್ಲಿ ಪೇಪರ್ ಹಿಂದೆ ಓಡೋದೇ ಒಬ್ಬರ ಫುಲ್ ಟೈಂ ಕೆಲಸ, ಅಲ್ಲಿ ಇದು ಖಂಡಿತ ದುಡ್ಡಿಗೆ ತಕ್ಕದ್ದು. ರಾಜ್ಯದಿಂದ ಮಾನಿಟರಿಂಗಿಗೆ ಬಂದಾಗ ಲಿಂಕ್ ಕೊಟ್ಟು ಸುಮ್ನೆ ಕೂರಬಹುದು, ಆ ಸುಖ ಅನುಭವಿಸಿದೋರಿಗೇ ಗೊತ್ತು.

ಆದ್ರೆ ಮೂರು ಮಾತು. ಒಂದು, ರಾಜ್ಯದ ಪೋರ್ಟಲನ್ನ ತಪ್ಪಿಸ್ಕೊಳ್ಳೋಕಾಗಲ್ಲ. ಟೆಕ್ಸಾಸ್, ಪೆನ್ಸಿಲ್ವೇನಿಯಾದಲ್ಲಿ ಈಗ್ರಾಂಟ್ಸ್, ಟೆನೆಸಿಯಲ್ಲಿ ಈಪ್ಲಾನ್, ಮಿಷಿಗನ್‌ನಲ್ಲಿ ನೆಕ್ಸಿಸ್, ಅಪ್ಲಿಕೇಶನ್ ಮತ್ತೆ ಅಮೆಂಡ್‌ಮೆಂಟ್ ಎಲ್ಲಾ ಅಲ್ಲೇ. ಅಕೌಂಟಿಂಗ್ ಒಂದು, ಪೋರ್ಟಲ್ ಒಂದು, ಈಗ ಇದು ಮೂರನೇದು. ಮೂರಕ್ಕೂ ಒಂದೇ ನಂಬರ್ ಕೂರಿಸೋ ಕೆಲಸ ಯಾರದ್ದು ಅಂತ ಮೊದಲೇ ಕೇಳಿ. ಎರಡು, ದುಡ್ಡು. ಪಕ್ಕದ ಒಂದು ಡಿಸ್ಟ್ರಿಕ್ಟು ಕೋವಿಡ್ ಕಾಲದಲ್ಲಿ ಸ್ಕೂಲುಗಳಿಗೆ ಕೊಟ್ಟ ಎಸ್ಸರ್ ಅನ್ನೋ ಪರಿಹಾರದ ದುಡ್ಡಲ್ಲಿ ಜೋರಾಗಿ ಖರೀದಿ ಮಾಡ್ತು, 2024ರ ಸೆಪ್ಟೆಂಬರ್ 30ಕ್ಕೆ ಆ ದುಡ್ಡಿನ ಗಡುವು ಮುಗೀತು, ರಿನ್ಯೂವಲ್ ಬಿಲ್ ನೇರ ಡಿಸ್ಟ್ರಿಕ್ಟಿನ ಸ್ವಂತ ಜನರಲ್ ಫಂಡಿನ ಬಾಗಿಲಿಗೆ ಬಂತು, ಈಗ ಮತ್ತೆ ಎಕ್ಸೆಲ್ಲು. ಲೈಸೆನ್ಸಿನ ಖರ್ಚನ್ನ ಇಡೀ ಟೈಟಲ್ ಒನ್ ಮೇಲೇ ಹಾಕೋರೂ ಇದ್ದಾರೆ, ಐದು ಗ್ರಾಂಟಿಗೆ ಉಪಯೋಗ ಆಗೋದನ್ನ ಐದಕ್ಕೂ ಹಂಚಬೇಕು, ಇಲ್ಲಾಂದ್ರೆ ಕಂಪ್ಲಯನ್ಸ್ (ನಿಯಮ ಪಾಲನೆಯ) ಸಾಫ್ಟ್‌ವೇರಿನ ಬಿಲ್ಲೇ ಆಡಿಟ್ ಫೈಂಡಿಂಗ್ ಆಗಿಬಿಡತ್ತೆ, ನಗು ಬರತ್ತೆ ಆದ್ರೆ ನಿಜ. ಮೂರು, ಆ ಟೀಚರ್ ಕೇಸು. ಸಾಫ್ಟ್‌ವೇರ್ ಇದ್ದಿದ್ರೆ ಏನಾಗ್ತಿತ್ತು? ಅದೇ 60 ಪರ್ಸೆಂಟ್ ಫಾರಂ ಇನ್ನೂ ಚೆಂದವಾಗಿ ಇಮೇಲಲ್ಲಿ ಹೋಗ್ತಿತ್ತು, ಅವ್ರು ಫೋನಲ್ಲೇ ಬೆರಳು ಒತ್ತಿ ಸೈನ್ ಹಾಕ್ತಿದ್ರು.

ಸರ್ವಿಸ್ ಸೆಂಟರು ಮತ್ತೆ ಕನ್ಸಾರ್ಷಿಯಂ

ಟೆಕ್ಸಾಸಲ್ಲಿ 20 ಎಜುಕೇಶನ್ ಸರ್ವಿಸ್ ಸೆಂಟರ್ ಇವೆ, ನ್ಯೂಯಾರ್ಕಲ್ಲಿ 37 ಬೋಸಿಸ್, ಪೆನ್ಸಿಲ್ವೇನಿಯಾದಲ್ಲಿ 29 ಇಂಟರ್‌ಮೀಡಿಯೇಟ್ ಯೂನಿಟ್. ಒಂದೊಂದು ಕಡೆ ಒಂದೊಂದು ಹೆಸರು, ಕೆಲಸ ಹೆಚ್ಚುಕಮ್ಮಿ ಒಂದೇ, ಚಿಕ್ಕ ಡಿಸ್ಟ್ರಿಕ್ಟುಗಳಿಗೆ ತೋಳು ಕೊಡೋದು. ಕೆಲವು ಸಲ ಇದು ಆಯ್ಕೆನೂ ಅಲ್ಲ: ಟೈಟಲ್ ಥ್ರೀಯಲ್ಲಿ 10,000 ಡಾಲರಿಗಿಂತ ಕಮ್ಮಿ ಗ್ರಾಂಟನ್ನ ರಾಜ್ಯ ಒಬ್ಬರಿಗೇ ಅಂತ ಕೊಡೋ ಹಾಗಿಲ್ಲ, ಇಂಗ್ಲಿಷ್ ಕಲಿಯೋ ಮಕ್ಕಳು ಕಮ್ಮಿ ಇರೋ ಡಿಸ್ಟ್ರಿಕ್ಟು ನಾಲ್ಕು ಜನರ ಜೊತೆ ಸೇರಿ ಕನ್ಸಾರ್ಷಿಯಂ ಮಾಡ್ಕೊಳ್ಳಲೇಬೇಕು, ಇಲ್ಲಾ ದುಡ್ಡು ಬಿಡಬೇಕು. ಡಿಸ್ಟ್ರಿಕ್ಟಿನ ಮುಖ್ಯಸ್ಥರಾದ ಸೂಪರಿಂಟೆಂಡೆಂಟೇ ಬಸ್ ರೂಟೂ ನೋಡ್ಕೊಳ್ಳೋಂಥ ಹಳ್ಳಿ ಕಡೆ ಡಿಸ್ಟ್ರಿಕ್ಟುಗಳಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳ್ತೀನಿ. ಸೆಂಟರಲ್ಲಿ ಇರೋರು ಇಪ್ಪತ್ತು ಡಿಸ್ಟ್ರಿಕ್ಟಿನ ತಪ್ಪು ನೋಡಿರ್ತಾರೆ, ನಿಮ್ಮ ತಪ್ಪು ಅವ್ರಿಗೆ ಹೊಸದಲ್ಲ.

ತೊಂದರೆ ಅಂದ್ರೆ ಗಡುವಿನ ವಾರ ಎಲ್ಲರಿಗೂ ಒಂದೇ. ಸೆಪ್ಟೆಂಬರ್ ಕೊನೇ ವಾರ ಫೋನ್ ಮಾಡಿದ್ರೆ ವಾಯ್ಸ್‌ಮೇಲ್ ಸಿಗತ್ತೆ. ಮತ್ತೆ ಫಿಸ್ಕಲ್ ಏಜೆಂಟ್ ಅವ್ರೇ ಆದ್ರೆ, ದುಡ್ಡು ಅವ್ರ ಪುಸ್ತಕದಲ್ಲಿರತ್ತೆ, ನಿಮ್ಮ ಸ್ಕೂಲಿಗೆ ಎಷ್ಟು ಖರ್ಚಾಯ್ತು ಅನ್ನೋ ರಿಪೋರ್ಟ್ ತಿಂಗಳಿಗೊಮ್ಮೆ ಬರಬೇಕು ಅಂತ ಒಪ್ಪಂದದಲ್ಲೇ ಬರೆಸ್ಕೊಳ್ಳಿ, ಬಾಯಿಮಾತು ಬೇಡ.

ಕನ್ಸಲ್ಟೆಂಟ್

ಒಳ್ಳೇ ಕನ್ಸಲ್ಟೆಂಟ್ ಅಂದ್ರೆ ಸಾಮಾನ್ಯವಾಗಿ ರಾಜ್ಯದ ಇಲಾಖೇಲಿ ಇಪ್ಪತ್ತು ವರ್ಷ ಇದ್ದು ರಿಟೈರ್ ಆದೋರು. ಇಂಥೋರನ್ನ ಒಂದೊಂದು ಕೆಲಸಕ್ಕೆ ಕರೀಬೇಕು: ಪ್ರೊಸೀಜರ್ ಮ್ಯಾನ್ಯುಯಲ್ ಬರೆಯೋಕೆ, ಮಾನಿಟರಿಂಗ್ ಬರೋ ಮುಂಚೆ ಒಂದು ಅಣಕು ಆಡಿಟ್ ಮಾಡ್ಸೋಕೆ, ಇಲ್ಲಾ ಐಡಿಯಾದ ಮೇಂಟೆನೆನ್ಸ್ ಆಫ್ ಎಫರ್ಟ್ ಜಗಳ ಬಂದಾಗ. ಕೊನೇದು ನಿಜವಾಗ್ಲೂ ಅವ್ರ ಫೀಸಿಗೆ ತಕ್ಕ ಕೆಲಸ. ಸ್ಪೆಷಲ್ ಎಜುಕೇಶನ್ನಿಗೆ ನಿಮ್ಮ ಸ್ವಂತ ದುಡ್ಡು ಹೋದ ಸಲಕ್ಕಿಂತ ಕಮ್ಮಿ ಆಗಬಾರದು, ಎಸ್ಸಾ ಥರ 90 ಪರ್ಸೆಂಟ್ ಸಾಲದು, ಪೂರ್ತಿ 100. ಅದನ್ನ ತೋರಿಸೋಕೆ ನಾಲ್ಕು ಥರ ಲೆಕ್ಕ ಇದೆ, ನಾಲ್ಕರಲ್ಲಿ ಒಂದು ಪಾಸಾದ್ರೂ ಆಯ್ತು. ಮೂವತ್ತು ವರ್ಷ ಸರ್ವೀಸಿನ ಟೀಚರ್ ತಾವಾಗೇ ರಿಟೈರ್ ಆಗಿ ಅವ್ರ ಜಾಗಕ್ಕೆ ಕಮ್ಮಿ ಸಂಬಳದ ಹೊಸಬರು ಬಂದ್ರೆ ಖರ್ಚು ಇಳಿಯತ್ತೆ, ಅದಕ್ಕೆ ವಿನಾಯಿತಿ ಇದೆ, ಆದ್ರೆ ಆ ರಿಟೈರ್‌ಮೆಂಟ್ ಪತ್ರ ಎಚ್‌ಆರ್ ಬೀರುವಿನಲ್ಲಿ, ಲೆಕ್ಕ ಫೈನಾನ್ಸಲ್ಲಿ, ಗ್ರಾಂಟ್ ಸ್ಪೆಷಲ್ ಎಜುಕೇಶನ್ ಆಫೀಸಲ್ಲಿ. ಮೂರೂ ಬಾಗಿಲು ತಟ್ಟಿ ಕಾಗದ ಸೇರಿಸೋಕೆ ಹೊರಗಿನೋರೇ ವಾಸಿ, ಒಳಗಿನೋರಿಗೆ ಮರ್ಯಾದೆ ಪ್ರಶ್ನೆ ಬರತ್ತೆ.

ದಿನನಿತ್ಯದ ಲೆಕ್ಕಕ್ಕೆ ಕನ್ಸಲ್ಟೆಂಟ್ ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಸೈನ್ ಹಾಕೋದು ನೀವು, ಸುಳ್ಳು ಕ್ಲೈಮಿನ ಶಿಕ್ಷೆ ಗೊತ್ತಿದೆ ಅಂತ ಒಪ್ಪೋದು ನೀವು, ಹೊಣೆ ಫೀಸಿನ ಜೊತೆ ಆಕಡೆ ಹೋಗಲ್ಲ. ಕನ್ಸಲ್ಟೆಂಟ್ ಜೊತೆ ಕಾಂಟ್ರಾಕ್ಟ್ ಮಾಡ್ಕೊಳ್ಳೋವಾಗ ಇನ್ನೆರಡು ನೋಡ್ಕೊಳ್ಳಿ: ಖರ್ಚಾದಷ್ಟಕ್ಕೆ ಇಷ್ಟು ಪರ್ಸೆಂಟ್ ಅನ್ನೋ ಥರದ ಕಾಂಟ್ರಾಕ್ಟ್ ಫೆಡರಲ್ ದುಡ್ಡಲ್ಲಿ ನಿಷಿದ್ಧ, ಮತ್ತೆ ಆರ್‌ಎಫ್‌ಪಿ (ಟೆಂಡರ್ ಕರೆಯೋ ದಾಖಲೆ) ಬರೆದುಕೊಟ್ಟೋರು ಅದಕ್ಕೇ ಬಿಡ್ ಹಾಕೋ ಹಾಗಿಲ್ಲ. "ಸರ್, ನಾನೇ ಸ್ಪೆಸಿಫಿಕೇಶನ್ ಬರೆದುಕೊಡ್ತೀನಿ ಫ್ರೀಯಾಗಿ" ಅಂತ ಬರೋರು ಯಾಕೆ ಬರ್ತಿದ್ದಾರೆ ಅಂತ ಯೋಚಿಸಿ.

ಹಂಗಾದ್ರೆ ಯಾವುದು

ನಾನು ಅಳೆಯೋ ಕೋಲು 2025ರ ಜುಲೈ. ಜೂನ್ 30ಕ್ಕೆ ವಾಷಿಂಗ್ಟನ್ನಿಂದ ರಾಜ್ಯಗಳಿಗೆ ಇಮೇಲ್ ಬಂತು, ಮಾರನೇ ದಿನ ಬರಬೇಕಿದ್ದ ಸುಮಾರು 6.8 ಬಿಲಿಯನ್ ಡಾಲರ್ ಸದ್ಯಕ್ಕಿಲ್ಲ, ಪರಿಶೀಲನೆ ನಡೀತಿದೆ ಅಂತ. ಟೈಟಲ್ ಟೂ, ಥ್ರೀ, ಫೋರ್, ವಲಸೆ ಕೂಲಿಗಳ ಮಕ್ಕಳದ್ದು, ಆಫ್ಟರ್ ಸ್ಕೂಲ್ ಎಲ್ಲಾ ಅದರಲ್ಲಿ ಸಿಕ್ಕಿಹಾಕ್ಕೊಂಡ್ತು. ಜುಲೈ ಕೊನೇಲಿ ಬಿಟ್ರು ಅನ್ನಿ, ಆದ್ರೆ ಆ ನಾಲ್ಕು ವಾರ ಎಲ್ಲಾ ಸೂಪರಿಂಟೆಂಡೆಂಟ್‌ಗಳೂ ಕೇಳಿದ್ದು ಒಂದೇ ಪ್ರಶ್ನೆ: ಈ ದುಡ್ಡಿನ ಮೇಲೆ ಎಷ್ಟು ಜನರ ಸಂಬಳ ನಿಂತಿದೆ, ಯಾರ್ಯಾರು? ಒಂದು ಗಂಟೇಲಿ ಹೆಸರು ಸಮೇತ ಹೇಳಿದೋರಿದ್ದಾರೆ, ಮೂರು ದಿನ ತಗೊಂಡು ತಪ್ಪು ಹೇಳಿದೋರಿದ್ದಾರೆ. ನನಗೆ ಗೊತ್ತಿರೋರಲ್ಲಿ ಒಂದು ಗಂಟೇಲಿ ಹೇಳಿದೋರ ಹತ್ರ ಇದ್ದಿದ್ದು ಎಕ್ಸೆಲ್, ಮೂರು ದಿನ ತಗೊಂಡೋರ ಹತ್ರ ಇದ್ದಿದ್ದು ಬೆಲೆಬಾಳೋ ಡ್ಯಾಶ್‌ಬೋರ್ಡು.

ನಿಮ್ಮ ಡಿಸ್ಟ್ರಿಕ್ಟು ಎಲ್ಲಾ ಸೇರಿ ವರ್ಷಕ್ಕೆ 10 ಲಕ್ಷ ಡಾಲರ್ ಫೆಡರಲ್ ದುಡ್ಡು ಖರ್ಚು ಮಾಡಲ್ಲ ಅಂದ್ರೆ, ಸಿಂಗಲ್ ಆಡಿಟೂ, ಅಂದ್ರೆ ಫೆಡರಲ್ ದುಡ್ಡಿಗೆಲ್ಲಾ ಸೇರಿಸಿ ಮಾಡೋ ಆಡಿಟ್, ಬರಲ್ಲ. ಮೊದ್ಲು 7.5 ಲಕ್ಷ ಇತ್ತು, 2024ರ ಅಕ್ಟೋಬರ್ 1ರ ಮೇಲೆ ಶುರುವಾಗೋ ಲೆಕ್ಕವರ್ಷಗಳಿಗೆ 10 ಲಕ್ಷ ಮಾಡಿದ್ದಾರೆ. ಊಟದ ಪ್ರೋಗ್ರಾಮಿನ ದುಡ್ಡೂ ಇದರಲ್ಲಿ ಸೇರತ್ತೆ, ಮರೀಬೇಡಿ, ಹಲವರು ಅಲ್ಲೇ ಗಡಿ ದಾಟಿರ್ತಾರೆ. ಅಷ್ಟರೊಳಗಿದ್ರೆ ಎಕ್ಸೆಲ್ ಜೊತೆ ಸರ್ವಿಸ್ ಸೆಂಟರ್, ಬೇರೇನೂ ಬೇಡ, ರಾಜ್ಯದೋರು ಬಂದು ನೋಡೋದಂತೂ ಇದ್ದೇ ಇರತ್ತೆ. ಐದಾರರಿಂದ ಹದಿನೈದು ಸ್ಕೂಲಿನ ಡಿಸ್ಟ್ರಿಕ್ಟಿಗೆ, ಸಾಫ್ಟ್‌ವೇರಿಗೆ ಅಂತ ಎತ್ತಿಟ್ಟ ದುಡ್ಡಲ್ಲಿ ಅರ್ಧ ದಿನದ ಒಬ್ಬ ಗುಮಾಸ್ತರನ್ನ ಇಟ್ಕೊಳ್ಳಿ, ಅಕೌಂಟ್ ಕೋಡ್ ಸರಿ ಮಾಡ್ಕೊಳ್ಳಿ. ಅದಕ್ಕೂ ದೊಡ್ಡದಾದ್ರೆ ಸಾಫ್ಟ್‌ವೇರ್ ತಗೊಳ್ಳಿ, ಆದ್ರೆ ಕೋಡ್ ಕ್ಲೀನ್ ಆದ್ಮೇಲೆ.

ಡೆಮೋಗೆ ವೆಂಡರ್ ಬಂದ ದಿನ ಅವ್ರ ಸ್ಲೈಡ್ ನೋಡ್ತಾ ಕೂರಬೇಡಿ. ಹೋದ ವರ್ಷದ್ದೇ ನಿಮ್ಮದೊಂದು ಕೆಟ್ಟ ಪಿಒ ಮತ್ತೆ ವರ್ಷದ ಮಧ್ಯೆ ಕ್ಲಾಸ್ ಬದಲಾದ ಒಬ್ಬ ಟೀಚರ್ ಕೇಸು ಮೇಜಿನ ಮೇಲಿಟ್ಟು, ಇದು ನಿಮ್ಮ ಸಿಸ್ಟಮ್ಮಲ್ಲಿ ಯಾವ ದಿನ ಯಾರ ಕಣ್ಣಿಗೆ ಬೀಳತ್ತೆ ತೋರಿಸಿ ಅನ್ನಿ. ನಮ್ಮಲ್ಲಿ ಈಗ ಅದು ಬೀಳೋದು ತಿಂಗಳ ಮೊದಲ ಮಂಗಳವಾರ, ಪೇರೋಲ್‌ನೋರು, ಎಚ್‌ಆರ್‌ನೋರು, ಫೆಡರಲ್ ಪ್ರೋಗ್ರಾಂನೋರು, ನಾನು, ನಾಲ್ಕು ಜನ ಅರ್ಧ ಗಂಟೆ ಕೂತು ಹುದ್ದೆ ಶೀಟನ್ನ ಸಾಲು ಸಾಲಾಗಿ ಓದ್ತೀವಿ. ಹೋದ ತಿಂಗಳು ಎರಡು ಹೆಸರು ಸಿಕ್ಕಿತು, ಒಬ್ರು ಮೆಟರ್ನಿಟಿ ರಜೆ, ಇನ್ನೊಬ್ರನ್ನ ಮತ್ತೆ ಮೂರನೇ ಕ್ಲಾಸಿಗೇ ಹಾಕಿದ್ರು.